ಗೂಡಿಗೆ ಹೋದ ಜೀನ್ಸ್

ದಾನ ಮಾಡುವವರ ಮನೆಯಲ್ಲಿ ಹಳೆಯ ಸಾಮಾನು ಉಳಿಯುವುದಿಲ್ಲ ಎಂದು ಜನ ಹೊಗಳುತ್ತಾರೆ. ಆ ಸಾಮಾನು ಯಾರದಾಗಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಹರಪನಹಳ್ಳಿ ಹಾಸ್ಟೆಲಿನಲ್ಲಿದ್ದು, ಮೇಷ್ಟ್ರುಗಳ ದನಿ ತೆಗೆದು ಅವರನ್ನೇ ನಗಿಸಿ ಅರೆಬರೆ ಹಾಜರಾತಿ ಗಿಟ್ಟಿಸುತ್ತಿದ್ದ ಕಾಲವದು. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಜೀನ್ಸ್ ತೊಟ್ಟ ಸಿನಿಮಾ ಹೀರೋನ ನಡಿಗೆ, ಡೈಲಾಗು ಎರಡನ್ನೂ ಮಾಡಿ ತೋರಿಸುತ್ತೇನೆಂದು ಇಡೀ ಕ್ಲಾಸಿಗೆ, ಅದರಲ್ಲೂ ಹುಡುಗಿಯರ ಬೆಂಚಿಗೆ, ಮಾತು ಕೊಟ್ಟಿದ್ದೆ. ದನಿಯನ್ನು ಗಂಟಲಿನಿಂದ ತೆಗೆಯಬಹುದು, ಪ್ಯಾಂಟನ್ನು ಎಲ್ಲಿಂದ ತೆಗೆಯುವುದು? ಹೋದ ತಿಂಗಳು ಮನೆಯಲ್ಲಿ ಒಗೆಯಲು ಬಿಟ್ಟಿದ್ದ ಜೀನ್ಸ್ ಒಯ್ಯಲು ಗ್ಯಾದರಿಂಗಿನ ಹಿಂದಿನ ದಿನ ನಮ್ಮೂರು ತೆಲಿಗಿಗೆ ಬಂದೆ.

"ಗೂಡಿಗೆ ಕೊಟ್ಟೀನಿ" ಅಂದಳು ಅವ್ವ, ರೊಟ್ಟಿ ತಟ್ಟುತ್ತಲೇ.

ದಾವಣಗೆರೆ ಕಡೆಯ ಗಡ್ಡದ ಶಿಲ್ಪಿಯೊಬ್ಬರು ಬಸ್‌ಸ್ಟಾಪಿನ ಬೇವಿನ ಮರದಡಿ ಹತ್ತು ಮಂದಿ ಕೂರುವಂಥ ಗೂಡು ಕಟ್ಟುತ್ತಿದ್ದರಂತೆ. ಪ್ರತಿ ಮನೆಯವರೂ ಏನಾದರೊಂದು ತಂದು ತಮ್ಮ ಕೈಯಾರೆ ಹೆಣೆಯಬೇಕು. ಇದು ಮನುಷ್ಯನಿಗೂ ಪ್ರಕೃತಿಗೂ ನಡೆಯುವ ಸಂವಾದ ಎಂದು ಅವರು ವಿವರಿಸಿದಾಗ ಅವ್ವ, "ಮಾತಾಡಾಕ ಇಷ್ಟು ದೊಡ್ಡ ಗೂಡು ಯಾಕ್ರಿ, ಕಟ್ಟಿ ಐತಲ್ಲ?" ಎಂದು ಕೇಳಿದ್ದಳಂತೆ. ಕೇಳಿ, ನನ್ನ ಪ್ಯಾಂಟನ್ನೂ ಕೊಟ್ಟು ಬಂದಿದ್ದಳು.

"ಮೊಣಕಾಲು ಹರಿದಿತ್ತು, ಬಣ್ಣ ಹೋಗಿತ್ತು. ಇನ್ನೇನ್ ಮಾಡ್ತಿದ್ದಿ ಅದನ್ನ?"

"ಅವ್ವ, ಅದು ಹರಿದಿದ್ದಕ್ಕೇ ರೇಟು ಜಾಸ್ತಿ."

"ಹಂಗಾರ ನಿಮ್ಮಪ್ಪನ ಬನೀನೆಲ್ಲಾ ಒಯ್ದು ಮಾರಲೇ. ಸಾವುಕಾರ್ರು ಆಗೋಣು."

ಓಡಿದೆ. ಗೂಡು ಚೆನ್ನಾಗಿಯೇ ಇತ್ತು ಎನ್ನಬೇಕು. ಜಾಲಿ ಕಟ್ಟಿಗೆ, ಜೋಳದ ದಂಟು, ಕುರಿ ಉಣ್ಣೆಯ ಹಗ್ಗ, ಯಾರದೋ ಸೀರೆಯ ಅಂಚು. ಬಸ್ ತಪ್ಪಿದವರು ಒಳಗೆ ಕೂತು ಶೇಂಗಾ ತಿನ್ನುತ್ತಿದ್ದರು. ಮೇಲ್ಗಡೆ ನನ್ನ ಜೀನ್ಸ್ ತಲೆಕೆಳಗಾಗಿ ಹೆಣೆದುಕೊಂಡಿತ್ತು. ಗೂಡಿನ ಮೇಲೆ ಹತ್ತಿ ಅದರ ಎಡಗಾಲಿನೊಳಗೆ ಕೈ ಹಾಕಿದೆನೋ ಇಲ್ಲವೋ, ಗುಬ್ಬಿಯೊಂದು ಪುರ್ರನೆ ಹಾರಿ ನನ್ನ ಕಿವಿಯ ಪಕ್ಕದಲ್ಲೇ ಬೈಯತೊಡಗಿತು. ಒಳಗೆ ಹುಲ್ಲು, ಹುಲ್ಲಿನ ಮೇಲೆ ಮೊಟ್ಟೆ.

"ಕೈ ತೆಗೀರಿ" ಎಂದು ಶಿಲ್ಪಿ ಕೆಳಗಿನಿಂದ ಕೈಮುಗಿದರು. "ಇಷ್ಟು ದಿನ ಬರೀ ಮನುಷ್ಯರು ಬಂದು ಕೂತರು. ನಾವು ಕಟ್ಟಿದ್ದರಲ್ಲಿ ಗುಬ್ಬಿ ತಾನೂ ಕಟ್ಟಿದ್ದು ಇದೇ ಮೊದಲು."

ಗುಬ್ಬಿ ತಾನಾಗಿಯೇ ಮನೆ ಬದಲಿಸಲಿ ಎಂದು ಬೆಕ್ಕಿನ ದನಿ ತೆಗೆದೆ. ಗುಬ್ಬಿ ಕದಲಲಿಲ್ಲ, ಬಸ್‌ಸ್ಟಾಪಿನ ಹೋಟೆಲಿನ ನಾಯಿ ಮಾತ್ರ ಬಂದು ನನ್ನ ಕಾಲಡಿ ಬೊಗಳುತ್ತಾ ನಿಂತಿತು. ಶೇಂಗಾ ತಿನ್ನುತ್ತಿದ್ದ ಕುರಿ ಕಾಯುವ ಭರಮಣ್ಣ ತಲೆ ಎತ್ತಿ, "ಇಳಿಯಲೇ ತಮ್ಮಾ. ಬಾಣಂತಿ ಮನಿಯಾಗ ಪ್ಯಾಂಟ್ ಕೇಳ್ತಾರೇನು?" ಅಂದ. ಗುಬ್ಬಿ ಇನ್ನೂ ಬೈಯುತ್ತಿತ್ತು, ಥೇಟ್ ಅವ್ವನ ಧಾಟಿಯಲ್ಲೇ. ಅವ್ವನಿಗೆ ಎದುರಾಡಿ ನಾನು ಯಾವತ್ತು ಗೆದ್ದಿದ್ದೇನೆ? ಇಳಿದೆ. ನಾಯಿಯನ್ನು ಭರಮಣ್ಣನೇ ಹಿಡಿದುಕೊಂಡ.

ಮರುದಿನ ಅಪ್ಪನ ಮದುವೆಯ ಬೆಲ್‌ಬಾಟಮ್ ತೊಟ್ಟು ಸ್ಟೇಜ್ ಹತ್ತಿದೆ. ಒಂದೊಂದು ಕಾಲಲ್ಲೂ ಒಂದೊಂದು ಕುರಿಮರಿ ಸಾಕಬಹುದಿತ್ತು. ಹುಡುಗಿಯರ ಬೆಂಚು ಬಿದ್ದು ಬಿದ್ದು ನಕ್ಕಿತು. ನನ್ನ ಮಿಮಿಕ್ರಿಗೆ ಅಷ್ಟು ನಗು ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ನಾನಿನ್ನೂ ಬಾಯಿ ತೆರೆದಿರಲಿಲ್ಲ ಎಂಬುದೊಂದೇ ಬೇಜಾರು.