ಮಿಕ್ಸರ್ ಬದಲು ಬಂದ ಜೇಡ

ವ್ಯವಹಾರದಲ್ಲಿ ನಾನು ಬಹಳ ಚತುರ ಎಂಬ ಸಂಗತಿ ನಿಪ್ಪಾಣಿಯಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಉಳಿದವರಿಗೂ ತಿಳಿಯಲಿ ಎಂಬ ಸದುದ್ದೇಶದಿಂದಲೇ ನಾನು ಕೊಲ್ಹಾಪುರಕ್ಕೆ ಮಿಕ್ಸರ್ ತರಲು ಹೋದದ್ದು. ತಂದದ್ದು ಜೇಡ!

ತೊಂಬತ್ತರ ದಶಕದ ಮಾತು. ನಾನು ನೇಮಣ್ಣ, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಹೆಂಡತಿ ತ್ರಿಶಲಾ ಶೇಡಬಾಳದವಳು. ಮದುವೆಯಾದಾಗಿನಿಂದ ಒರಳುಕಲ್ಲಿನಲ್ಲಿ ಖಾರ ರುಬ್ಬಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕುಟ್ಟಿ ಅವಳ ಬಲಭುಜ ಸೋತುಹೋಗಿತ್ತು. ಸಂಜೆ ಗೋಡೆಗೆ ಒರಗಿ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಡಾಕ್ಟರರು ರುಬ್ಬುವುದು ಬಿಡಬೇಕು ಎಂದರು. ಅದೇ ನೋಯುವ ಕೈಯಿಂದ ಅವಳು ಓಣಿಯ ಹೆಂಗಸರ ರವಿಕೆ ಹೊಲಿದು, ಬಿಸ್ಕಿಟ್ ಡಬ್ಬಿಯಲ್ಲಿ ಮಿಕ್ಸರಿಗೆಂದು ಹಣ ಕೂಡಿಸಿದಳು.

"ನಮ್ಮ ಧನಪಾಲಣ್ಣನ ಪಾತ್ರಿ-ಭಾಂಡೆ ಅಂಗಡ್ಯಾಗ ತಗೊಂಡ್ರ ಆತಲ್ರಿ? ಕೆಟ್ರ ಅವನ ರಿಪೇರಿ ಮಾಡಿ ಕೊಡತಾನ" ಎಂದಳು.

"ನಿನಗ ವ್ಯವಹಾರ ತಿಳಿಯೂದಿಲ್ಲ. ಕೊಲ್ಹಾಪುರದಾಗ ಸೋವಿ ಸಿಗತೈತಿ" ಎಂದು ಡಬ್ಬಿ ಬರಿದು ಮಾಡಿಕೊಂಡು ಬಸ್ ಹತ್ತಿದೆ.

ಕೊಲ್ಹಾಪುರದಲ್ಲಿ ಇಳಿಯುತ್ತಲೇ ಮಳೆ. ನಿಲ್ಲಲು ಜಾಗ ಹುಡುಕಿದರೆ ಎದುರಿಗೇ ಒಂದು ದೊಡ್ಡ ಪೆಂಡಾಲು. ದೇಶ-ವಿದೇಶದ ಪ್ರಾಣಿ-ಪಕ್ಷಿಗಳ ಭವ್ಯ ಪ್ರದರ್ಶನ ಮತ್ತು ಮಾರಾಟ! ಐದೇ ನಿಮಿಷ ಎಂದುಕೊಂಡು ಒಳಗೆ ಹೋದೆ. ಬಣ್ಣಬಣ್ಣದ ಗಿಳಿ, ಬಿಳಿ ಇಲಿ, ಯಾವುದೋ ದೇಶದ ಓತಿಕ್ಯಾತ. ಕೊನೆಯ ಮೇಜಿನ ಮೇಲೆ ಗಾಜಿನ ಪೆಟ್ಟಿಗೆಗಳಲ್ಲಿ ಅಂಗೈಯಗಲದ, ಮೈತುಂಬ ಕೂದಲಿನ ಜೇಡಗಳು ಕುಳಿತಿದ್ದವು. ಟರಂಟುಲಾ ಅಂತೆ. ಅಲ್ಲಿ ಸಫಾರಿ ತೊಟ್ಟ ಇಬ್ಬರು ಗೃಹಸ್ಥರು ಒಂದೇ ಜೇಡಕ್ಕಾಗಿ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರು. "ನನಗೆ ಕೊಡಿ" ಎಂದು ಒಬ್ಬ, "ನಾನು ಹೆಚ್ಚು ಕೊಡ್ತೀನಿ" ಎಂದು ಇನ್ನೊಬ್ಬ! ಇಷ್ಟು ಓದಿದವರು, ಇಷ್ಟು ಇಸ್ತ್ರಿ ಮಾಡಿದ ಬಟ್ಟೆಯವರು ಸುಮ್ಮನೆ ಜಗಳಾಡುತ್ತಾರೆಯೇ?

ಕಪ್ಪು ಕನ್ನಡಕದ ಮಾರಾಟಗಾರ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ, "ಸಾಹೇಬ, ಏಕದಂ ಗರೀಬ ಜನಾವರ ಆಹೆ! ಆತಾ ಘ್ಯಾ, ದಿವಾಳೀಲಾ ದುಪ್ಪಟ್!" ಎಂದ. ಬಹಳ ಸಾಧು ಪ್ರಾಣಿ, ಈಗ ಕೊಂಡರೆ ದೀಪಾವಳಿಗೆ ಇದೇ ಪೆಂಡಾಲಿನಲ್ಲಿ ಎರಡು ಪಟ್ಟು ಬೆಲೆ! ಬಸ್ ಟಿಕೀಟಿನ ಹಿಂದೆ ಲೆಕ್ಕ ಹಾಕಿದೆ. ಈಗ ಒಂದು ಜೇಡ, ದೀಪಾವಳಿಗೆ ಎರಡು ಮಿಕ್ಸರ್. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಗಣಿತದ ಮಾಸ್ತರ ನೋಡಿ!

ಮನೆಗೆ ಬಂದಾಗ ತ್ರಿಶಲಾ ಅಡುಗೆಮನೆಯ ಕಟ್ಟೆ ತೊಳೆದು, ತಾನೇ ಹಾಕಿದ ಕಸೂತಿಯ ಬಟ್ಟೆ ಹಾಸಿ ಮಿಕ್ಸರಿಗೆ ಜಾಗ ಮಾಡಿದ್ದಳು. ಪಕ್ಕದ ಮನೆಯ ಅಜ್ಜಿ ಅಕ್ಕಾತಾಯಿ ಆರತಿ ತಟ್ಟೆ ಹಿಡಿದು ಸಿದ್ಧವಾಗಿದ್ದಳು. ನಾನು ಪೆಟ್ಟಿಗೆಯನ್ನು ಕಸೂತಿಯ ಮೇಲಿಟ್ಟೆ. ಅಕ್ಕಾತಾಯಿಗೆ ದೃಷ್ಟಿ ಮಂದ. ಕುಂಕುಮ ಏರಿಸಿ, ಅರ್ಧ ಆರತಿ ಎತ್ತಿ ಆಮೇಲೆ ಬಗ್ಗಿ ನೋಡಿದಳು. ತಟ್ಟೆ ಒಂದು ಕಡೆ, ಅಜ್ಜಿ ಒಂದು ಕಡೆ!

"ಏನ್ರಿ ಇದು?" ಎಂದಳು ತ್ರಿಶಲಾ.

"ಎರಡ ಮಿಕ್ಸರ್" ಎಂದೆ.

ನಾನು ಇಡೀ ಯೋಜನೆಯನ್ನು ವಿವರಿಸಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. ಬರಿದಾದ ಬಿಸ್ಕಿಟ್ ಡಬ್ಬಿಯ ಮುಚ್ಚಳ ಹಾಕಿ, "ದೀಪಾವಳಿ ತನಕ ನೋಡತೇನಿ. ಅಲ್ಲೀತನಕ ಒರಳಕಲ್ಲಿನ ಮುಂದ ನೀವ ಕುಂದರ್ರಿ" ಎಂದಳು. ಅವಳ ಭುಜ ನೋಡಿದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಮರುದಿನದಿಂದ ಖಾರ ರುಬ್ಬುವ ಖಾತೆ ನನಗೆ ವರ್ಗವಾಯಿತು.

ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಜೇಡ ಏನು ತಿನ್ನುತ್ತದೆ? ಕೊಳ್ಳುವಾಗ ಕೇಳಿರಲಿಲ್ಲ. ಪೆಟ್ಟಿಗೆಗೆ ಅಂಟಿಸಿದ ಚೀಟಿ ಓದಿದೆ. ಜೀವಂತ ಮಿಡತೆ, ಜೀವಂತ ಜಿರಳೆ!

ನಮ್ಮದು ನೀರು ಸೋಸಿ ಕುಡಿಯುವ ಜೈನರ ಮನೆ. ಇರುವೆ ಸಾಲು ಬಂದರೆ ದಾಟಿ ಹೋಗುತ್ತೇವೆ. ಅಡುಗೆಮನೆಯಲ್ಲಿ ಜಿರಳೆಗಳು ನಮ್ಮಜ್ಜನ ಕಾಲದಿಂದ ಬಾಡಿಗೆ ಇಲ್ಲದೆ ವಾಸಿಸುತ್ತಿದ್ದರೂ ಒಂದು ದಿನ ಔಷಧ ಹೊಡೆದವರಲ್ಲ. ತ್ರಿಶಲಾ ಚೀಟಿಯನ್ನು ನೋಡಿ ನನ್ನನ್ನು ನೋಡಿದಳು. "ಜಿರಳಿ ಹಿಡದ ಇದರ ಬಾಯಾಗ ಹಾಕವ್ರೇನ್ರಿ ನೀವು?"

"ಛೇ ಛೇ! ಇದನ್ನ ನಮ್ಮ ಪದ್ಧತಿಗೆ ತರತೇನಿ" ಎಂದೆ. "ಸಂಸ್ಕಾರ ಅಂಬೂದು ಒಂದ ಐತಿ."

ಸಂಸ್ಕಾರ ಆರಂಭವಾಯಿತು. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ಇಟ್ಟೆ. ಮೂಸಲಿಲ್ಲ. ಮೊಳಕೆ ಬಂದ ಹೆಸರುಕಾಳು ಇಟ್ಟೆ. ಅದರ ಮೇಲೆ ಹತ್ತಿ ಆಚೆ ಇಳಿಯಿತು. ಗೋಧಿ-ಬೆಲ್ಲದ ಮಾದಲಿಗೆ ತುಪ್ಪ ಹಾಕಿ ಕೊಟ್ಟೆ. ಕಾಲು ಒರೆಸಿಕೊಂಡಿತು. ಉಳ್ಳಾಗಡ್ಡಿ, ಬಟಾಟೆ ಮಾತ್ರ ಕೊಡಲಿಲ್ಲ, ಏಕೆಂದರೆ ಭೂಮಿಯೊಳಗೆ ಬೆಳೆದದ್ದು ನಮಗೆ ವರ್ಜ್ಯ. ಜೇಡದ ವಾಸವೇ ಭೂಮಿಯೊಳಗೆ ಎಂಬುದು ಆಗ ಹೊಳೆಯಲಿಲ್ಲ. ಪ್ರೀತಿಯಿಂದ ಹೇಳಿದರೆ ತಿಂದೀತು ಎಂದು ಒಂದು ದಿನ ಬೆನ್ನು ಸವರಿದೆ. ಅದು ಹಿಂಗಾಲಿನಿಂದ ಪರಪರನೆ ತನ್ನ ಕೂದಲು ಕೆರೆದು ನನ್ನ ಮುಖಕ್ಕೆ ಹಾರಿಸಿತು. ಮೂಗು ಬದನೆಕಾಯಿಯಂತೆ ಊದಿ ಮೂರು ದಿನ ತುರಿಸಿತು. ಸಾಧು ಪ್ರಾಣಿ!

ಹೀಗಿರುವಾಗ ನಮ್ಮ ಹತ್ತು ದಿನದ ದಶಲಕ್ಷಣ ಪರ್ವ ಬಂತು. ಓಣಿಯಲ್ಲಿ ಎಲ್ಲರೂ ದಿನಕ್ಕೊಂದೇ ಊಟದ ಏಕಾಶನ, ಉಪವಾಸ. ಅಕ್ಕಾತಾಯಿ ಬಾಗಿಲಲ್ಲಿ ನಿಂತು ಕೇಳಿದಳು.

"ಮಾಸ್ತರ, ನಿಮ್ಮ ಹುಳ ಇನ್ನೂ ಏನೂ ತಿಂದಿಲ್ಲಂತ?"

"ಇಲ್ಲ ಅಜ್ಜಿ, ಒಂದ ಕಾಳು ಮುಟ್ಟವಲ್ದು."

"ಯವ್ವಾ! ಪರ್ವಕ್ಕ ಉಪಾಸ ಹಿಡದೈತಿ! ನನಗ ನಾಕ ದಿನಕ್ಕ ತಲಿ ತಿರಗಾಕತ್ತೇತಿ, ಅದು ನೋಡು!" ಎಂದು ಕೈಮುಗಿದಳು.

ಸಂಜೆಯೊಳಗೆ ಸುದ್ದಿ ಓಣಿ ದಾಟಿತು. ಜನ ಸಾಲಾಗಿ ಬಂದು ನೋಡಿದರು. ನಾನು ಪೆಟ್ಟಿಗೆಯ ಪಕ್ಕ ನಿಂತು, ಕ್ರೂರ ಪ್ರಾಣಿಯನ್ನೂ ಮಾಸ್ತರನೊಬ್ಬ ಹೇಗೆ ತಿದ್ದಬಲ್ಲ ಎಂಬ ವಿಷಯವಾಗಿ ಉಪನ್ಯಾಸ ಕೊಟ್ಟೆ. ಗಣಿತದಲ್ಲಿ ನಾಪಾಸಾದ ಮಕ್ಕಳ ತಂದೆಯರೂ ತಲೆದೂಗಿದರು.

ಪರ್ವ ಮುಗಿದು ಎರಡು ದಿನ. ಅಥಣಿಗೆ ಶಿಕ್ಷಕರ ತರಬೇತಿಗೆಂದು ಹೊರಡಬೇಕು, ಪೆಟ್ಟಿಗೆ ನೋಡುತ್ತೇನೆ, ಜೇಡ ಅಂಗಾತ ಬಿದ್ದಿದೆ! ಎಂಟೂ ಕಾಲು ಆಕಾಶಕ್ಕೆ! ಎರಡೂ ಮಿಕ್ಸರ್ ಒಟ್ಟಿಗೇ ತೀರಿಕೊಂಡಿದ್ದವು. ಅಕ್ಕಾತಾಯಿ ಬಂದು, "ಪುಣ್ಯವಂತ ಜೀವ, ವ್ರತ ಮುಗಿಸಿ ಹೋತು" ಎಂದು ಕಣ್ಣೊರೆಸಿಕೊಂಡು ಮಂತ್ರ ಹೇಳಿದಳು. ಬಸ್ಸಿಗೆ ಹೊತ್ತಾಗಿತ್ತು. "ದಾಸವಾಳದ ಗಿಡದ ಬುಡಕ್ಕ ಮಣ್ಣ ಮಾಡು" ಎಂದು ತ್ರಿಶಲಾಳಿಗೆ ಹೇಳಿ ಹೋದೆ.

ಎರಡು ದಿನದ ಮೇಲೆ ಬಂದರೆ ಪೆಟ್ಟಿಗೆ ಅಲ್ಲೇ ಇದೆ. ಅದರೊಳಗಿನ ತೆಂಗಿನ ಚಿಪ್ಪಿನ ಮೇಲೆ ಜೇಡ ನೆಟ್ಟಗೆ ಕುಳಿತಿದೆ!

"ಬದಕೈತಿ! ತ್ರಿಶಲಾ, ಬದಕೈತಿ!" ಎಂದು ಕುಣಿದೆ.

"ಬದಕಿದ್ದು ಖರೇರಿ. ಆದ್ರ ಒಂದ ಮಾತ ಹೇಳೂದಿತ್ತು…"

"ಆಮ್ಯಾಲ ಹೇಳು, ಮೊದಲ ಅಕ್ಕಾತಾಯಿನ ಕರಿ!"

ಅಂದಿನಿಂದ ಜೇಡದ ನಡತೆ ಇನ್ನೂ ಸುಧಾರಿಸಿತು. ಮೊದಲು ಆಗಾಗ ಓಡಾಡುತ್ತಿತ್ತು, ಈಗ ಕದಲುವುದೇ ಇಲ್ಲ. ಕೂದಲು ಹಾರಿಸುವುದಿಲ್ಲ, ಕಾಲು ಝಾಡಿಸುವುದಿಲ್ಲ. ಧ್ಯಾನಕ್ಕೆ ಕುಳಿತಿದೆ ಎಂದು ಎಲ್ಲರಿಗೂ ವಿವರಿಸಿದೆ. ಇನ್ನೂ ಆಶ್ಚರ್ಯವೆಂದರೆ ಅಡುಗೆಮನೆಯ ಜಿರಳೆಗಳು ಒಂದೊಂದಾಗಿ ಕಾಣೆಯಾದವು. ಹದಿನೈದು ದಿನದಲ್ಲಿ ಒಂದೂ ಉಳಿಯಲಿಲ್ಲ.

"ಯಾಕ ಅಂತ ಗೊತ್ತೈತೇನ್ರಿ?" ಎಂದಳು ತ್ರಿಶಲಾ.

"ಗೊತ್ತಿಲ್ಲದ ಏನು? ಅಹಿಂಸಾದ ಪ್ರಭಾವ. ಜಿರಳಿಗಳೂ ನಾಚಿ ಮನಿ ಬಿಟ್ಟು ಹೋಗ್ಯಾವ."

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಒರಳುಕಲ್ಲಿನ ಸದ್ದು ಜೋರು ಮಾಡಿದೆ.

ಭಾಂಡೆ ಅಂಗಡಿಯ ಧನಪಾಲಣ್ಣ ಸುದ್ದಿ ಕೇಳಿ ಓಡಿಬಂದ. ಅವನ ಗೋದಾಮಿನಲ್ಲಿ ರಟ್ಟಿನ ಡಬ್ಬಿಗೊಂದು ಜಿರಳೆ ಸಂಸಾರ. ಅವನೂ ನಮ್ಮಂತೆ ಔಷಧ ಹೊಡೆಯುವವನಲ್ಲ. "ಮಾಸ್ತರ, ಒಂದ ತಿಂಗಳ ಮಟ್ಟಿಗೆ ಇದನ್ನ ನನ್ನ ಗೋದಾಮಿನ್ಯಾಗ ಇಡ್ರಿ, ನಿಮ್ಮ ಉಪಕಾರ ಮರಿಯೂದಿಲ್ಲ" ಎಂದು ಅಂಗಲಾಚಿದ.

"ಇದು ಪ್ರದರ್ಶನದ ಮಾಲು, ಧನಪಾಲಣ್ಣ. ಗೋದಾಮಿಗೆ ಕೊಡೂ ಅಂಥಾದ್ದಲ್ಲ" ಎಂದು ಚಹಾ ಕೊಡಿಸಿ ಕಳಿಸಿದೆ.

ದೀಪಾವಳಿ ಹತ್ತಿರ ಬಂತು. ರಟ್ಟಿನ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ದಪ್ಪಗೆ ಬರೆದೆ: 'ಜಗತ್ತಿನ ಏಕೈಕ ಶಾಕಾಹಾರಿ ಜೇಡ'. ಹೊಸ್ತಿಲು ದಾಟುವಾಗ ತ್ರಿಶಲಾ ಅಡ್ಡ ಬಂದಳು.

"ರೀ, ಹೋಗೂಕಿಂತ ಮೊದಲ ಮುಚ್ಚಳ ತಗದ ಒಮ್ಮಿ ಛಂದಂಗ ನೋಡ್ರಿ."

"ಹೊಂಟಾಗ ಅಡ್ಡ ಮಾತಾಡಬ್ಯಾಡ! ಸಂಜೀಕ ಎರಡ ಮಿಕ್ಸರ್ ತರತೇನಿ, ಜಾಗಾ ಮಾಡಿ ಇಡು."

ಪೆಂಡಾಲಿನಲ್ಲಿ ಅದೇ ಮೇಜು, ಅದೇ ಕಪ್ಪು ಕನ್ನಡಕ. ಮೇಜಿನ ಮುಂದೆ ಅದೇ ಇಬ್ಬರು ಸಫಾರಿ ಗೃಹಸ್ಥರು ಬೇರೊಂದು ಜೇಡಕ್ಕಾಗಿ ಅದೇ ಮಾತಿನಲ್ಲಿ ಕೈಕೈ ಮಿಲಾಯಿಸುತ್ತಿದ್ದರು! ಎದುರಿಗೆ ಒಬ್ಬ ರೈತ ಬೆರಗಾಗಿ ನೋಡುತ್ತಿದ್ದ. ಆದರೂ ಧೈರ್ಯ ಮಾಡಿ ಬೋರ್ಡು ನಿಲ್ಲಿಸಿದೆ. ಜನ ಸೇರಿದರು. ನಾನು ದಶಲಕ್ಷಣದ ಉಪವಾಸದಿಂದ ಹಿಡಿದು ಧ್ಯಾನದವರೆಗೆ ಎಲ್ಲವನ್ನೂ ವರ್ಣಿಸಿ, ನಾಟಕೀಯವಾಗಿ ಮುಚ್ಚಳ ತೆಗೆದೆ.

ಅದೇ ಹೊತ್ತಿಗೆ ಮೇಜಿನ ಫ್ಯಾನು ನಮ್ಮ ಕಡೆ ತಿರುಗಿತು.

ನನ್ನ ಜೇಡ ಹಾರಿತು! ಎಂಟೂ ಕಾಲು ಬಿಚ್ಚಿಕೊಂಡು, ಗಾಳಿಯಲ್ಲಿ ಒಂದು ಸುತ್ತು ಹೊಡೆದು, ಸಫಾರಿ ಗೃಹಸ್ಥನೊಬ್ಬನ ಚಹಾದ ಕಪ್ಪಿನಲ್ಲಿ ಇಳಿದು ತೇಲಿತು. ಅವನು ಕಪ್ಪು ಎಸೆದು ಕುರ್ಚಿ ಹತ್ತಿದ. ಹೆಂಗಸರು ಚೀರಿದರು. ಮಾರಾಟಗಾರ ಮಾತ್ರ ನಿಧಾನವಾಗಿ ಬಗ್ಗಿ ಪೆನ್ಸಿಲಿನ ತುದಿಯಿಂದ ಅದನ್ನೆತ್ತಿ ಬೆಳಕಿಗೆ ಹಿಡಿದ. ಆಚೆ ಕಡೆ ನಿಂತವರ ಮುಖ ಅದರೊಳಗಿಂದ ಕಾಣುತ್ತಿತ್ತು.

"ಮಾಸ್ತರ, ಹೀ ತರ ಕಾತ ಆಹೆ!" ಎಂದು ನಕ್ಕ. ಇದು ಬರೀ ಪೊರೆ. ಜೇಡ ಹಾವಿನಂತೆ ಪೊರೆ ಬಿಡುತ್ತದಂತೆ. ಅದಕ್ಕೆ ಮುಂಚೆ ದಿನಗಟ್ಟಲೆ ಏನೂ ತಿನ್ನುವುದಿಲ್ಲವಂತೆ. ಬಿಡುವಾಗ ಅಂಗಾತ ಮಲಗುತ್ತದಂತೆ. "ಆತ್ಲಾ ಮಾಲ ಕುಠೆ?" ಎಂದು ಕೇಳಿದ. ಒಳಗಿನ ಮಾಲು ಎಲ್ಲಿ?

ಹೌದಲ್ಲ! ಎಲ್ಲಿ? ಅಂದರೆ ನಾನು ಒಂದು ತಿಂಗಳಿಂದ ಬರೀ ತೊಗಲಿಗೆ ಹೆಸರುಕಾಳು ಇಟ್ಟು, ಸಂಸ್ಕಾರ ಕೊಟ್ಟು, ಉಪನ್ಯಾಸ ಮಾಡುತ್ತಿದ್ದೆ! ಪೆಂಡಾಲು ಬಿದ್ದುಬಿದ್ದು ನಗುತ್ತಿತ್ತು. ನಾನು ಪೊರೆಯನ್ನು ಒರೆಸಿ ಪೆಟ್ಟಿಗೆಗೆ ಹಾಕಿಕೊಂಡು, ಬೋರ್ಡನ್ನು ಅಲ್ಲೇ ಬಿಟ್ಟು ಓಡಿದೆ. ಬಸ್ಸಿನಲ್ಲಿ ಎರಡು ಸಂಕಟ. ಜೇಡ ಮನೆಯಲ್ಲಿ ಎಲ್ಲೋ ಬಿಚ್ಚಿಕೊಂಡು ತಿರುಗುತ್ತಿದೆ, ಹೆಂಡತಿ ಒಬ್ಬಳೇ ಇದ್ದಾಳೆ. ಅವಳಿಗೇನೂ ಆಗಿಲ್ಲದಿದ್ದರೆ ಮಿಕ್ಸರ್ ಎಲ್ಲಿ ಎಂದು ಕೇಳುತ್ತಾಳೆ. ನಿಪ್ಪಾಣಿ ಬರುವವರೆಗೆ ಎರಡರಲ್ಲಿ ಯಾವುದು ಹೆಚ್ಚು ಭಯಂಕರ ಎಂದು ತೀರ್ಮಾನವಾಗಲಿಲ್ಲ.

ಓಣಿಯ ತಿರುವಿನಲ್ಲೇ 'ಗರ್ರ್' ಎಂಬ ಸದ್ದು ಕೇಳಿತು. ನಮ್ಮ ಮನೆಯಿಂದಲೇ! ಒಳಗೆ ನುಗ್ಗಿದೆ. ಕಸೂತಿಯ ಬಟ್ಟೆಯ ಮೇಲೆ ಹೊಚ್ಚ ಹೊಸ ಮಿಕ್ಸರ್! ಕುಂಕುಮ ಹಚ್ಚಿಕೊಂಡು ಗರಗರ ತಿರುಗುತ್ತಿತ್ತು. ತ್ರಿಶಲಾ ಒಂದೇ ಬೆರಳಿನಿಂದ ಗುಂಡಿ ಒತ್ತಿ ಶೇಂಗಾ ಹಿಂಡಿ ಮಾಡುತ್ತಿದ್ದಳು.

"ಬಂದ್ರಿ? ಕೈಕಾಲ ತೊಳಕೊಳ್ರಿ, ಹೊತ್ತ ಮುಳಗೂಕಿಂತ ಮೊದಲ ಉಣಬೇಕು."

"ಇದೆಲ್ಲಿಂದ ಬಂತು?"

"ಧನಪಾಲಣ್ಣ ಕೊಟ್ಟ. ಜ್ಯಾಡ ಒಯ್ದ."

ನಾನು ನೆಲದ ಮೇಲೇ ಕುಳಿತೆ. ಅವಳು ಹೇಳಿದಳು. ನಾನು ಅಥಣಿಗೆ ಹೋದ ದಿನ ಮಣ್ಣು ಮಾಡಲು ಪೆಟ್ಟಿಗೆ ಎತ್ತಿದರೆ ಒಳಗೆ ಎರಡು ಜೇಡ, ಒಂದು ಹಳೆಯದು, ಒಂದು ಹೊಸದು. ಹಳೆಯದು ಪೊಳ್ಳು, ಅದನ್ನು ಎತ್ತಿ ತೆಂಗಿನ ಚಿಪ್ಪಿನ ಮೇಲೆ ಕೂರಿಸಿದಳು. ಹೊಸದು ಚಿಪ್ಪಿನ ಕೆಳಗೆ ಹಸಿದು ಕುಳಿತಿತ್ತು. ಅವಳು ಮುಚ್ಚಳ ತೆರೆದಿಟ್ಟು ಸಂಜೆಯ ದೀಪ ಹಚ್ಚಲು ಹೋದಳು.

"ಜಿರಳಿ ನಾವ ಹಿಡದ ಕೊಟ್ರ ನಮಗ ಪಾಪ. ಅದ ತಾನ ಹುಡಿಕ್ಕೊಂಡು ತಿಂದ್ರ ಅದರ ಕರ್ಮ. ಆದ್ರ ಹಸದ ಜೀವಾನ ಡಬ್ಬ್ಯಾಗ ಕೂಡಿಹಾಕಿ ಉಪಾಸ ಮಾಡಸೂದು ಅಹಿಂಸಾ ಹೆಂಗ ಆಗತೈತ್ರಿ?"

ನಾನು ಮಾತು ತಿರುಗಿಸಿದೆ.

"ನನಗ್ಯಾಕ ಹೇಳಲಿಲ್ಲ?"

"ಮೂರ ಸಲ ಬಾಯಿ ತಗದ್ನಿ. ಮೂರೂ ಸಲ ಮುಚ್ಚಿಸಿದ್ರಿ."

"ಅಲ್ಲಾ, ಇಷ್ಟ ದಿನ ಅದು ಎಲ್ಲಿತ್ತು?"

"ಒರಳಕಲ್ಲಿನ ಹಿಂದ. ನೀವು ದಿನಾ ಖಾರ ರುಬ್ಬತಿದ್ರೆಲ್ಲಾ, ನಿಮ್ಮ ಬಲಗಡೆ ತೊಡಿಗೆ ಒಂದ ಗೇಣ ಅಂತರ."

ನಾನು ಎರಡು ಚೊಂಬು ನೀರು ಕುಡಿದೆ.

ಧನಪಾಲಣ್ಣನ ಗೋದಾಮಿನಲ್ಲಿ ಆ ಜೇಡ ಬಹಳ ದಿನ ಸುಖವಾಗಿ ಇತ್ತು. ಮಿಕ್ಸರ್ ಇಂದಿಗೂ ತಿರುಗುತ್ತಿದೆ, ತ್ರಿಶಲಾಳ ಭುಜದ ನೋವೂ ಇಳಿದಿದೆ. ಪೊರೆಯನ್ನು ಮಾತ್ರ ಅವಳು ಪೆಟ್ಟಿಗೆ ಸಮೇತ ಪಡಸಾಲೆಯ ಕಪಾಟಿನಲ್ಲಿ ಇಟ್ಟಿದ್ದಾಳೆ. ಕಳೆದ ವಾರ, ನೂರರ ಸನಿಹ ಬಂದಿರುವ ಅಕ್ಕಾತಾಯಿ ಬಂದವಳು ಮಂದ ಕಣ್ಣಿನಿಂದ ಅದನ್ನು ನೋಡಿ, "ಇದ್ಯಾಕ ಇಟ್ಟೀಯವ್ವಾ ಇನ್ನೂ?" ಎಂದು ಕೇಳಿದಳು.

"ಇರಲಿ ಬಿಡಜ್ಜಿ" ಎಂದಳು ತ್ರಿಶಲಾ. "ಥೇಟ್ ನಮ್ಮ ಮಾಸ್ತರಂಗ ಐತಿ. ನೋಡಾಕ ಭಾಳ ಗತ್ತು, ಒಳಗ ನೋಡಿದ್ರ ಏನೂ ಇಲ್ಲ."

ಅಷ್ಟರಲ್ಲಿ ಹೊರಗೆ ಗಾಳಿ ಬೀಸಿತು. ಅವಳು ಎದ್ದು, ಹಾರಿಹೋದೀತೆಂದು ಕಿಟಕಿ ಮುಚ್ಚಿದಳು. ಪೊರೆಗಾಗಿ ಮುಚ್ಚಿದಳೋ ನನಗಾಗಿಯೋ, ನಾನು ಕೇಳಲಿಲ್ಲ.