ಹೆಸರು ಬೇಡ, ನಿಜ ಬರೆಯಿರಿ

ಹದಿಹರೆಯದವರ ಮನಸ್ಸು ತಿಳಿಯೋಕೆ ಹೊರಟರೆ ಒಂದಲ್ಲ ಒಂದು ಫಜೀತಿ ಆಗ್ತಲೇ ಇರುತ್ತೆ. ತೊಂಬತ್ತರ ದಶಕದಲ್ಲಿ ಪಿಎಚ್.ಡಿ.ಗೆ ಅಂತ ಶಿವಮೊಗ್ಗ, ಭದ್ರಾವತಿಯ ಹೈಸ್ಕೂಲುಗಳಿಗೆ ಪ್ರಶ್ನಾವಳಿ ಹೊತ್ತು ತಿರುಗಿದ್ದೆ. ಮಕ್ಕಳಿಗೆ ಯಾರು ಇಷ್ಟ, ಯಾವುದು ಭಯ, ಬೇಜಾರಾದರೆ ಯಾರ ಹತ್ತಿರ ಹೇಳ್ಕೋತಾರೆ, ಇಂಥ ಪ್ರಶ್ನೆಗಳು. ಉತ್ತರ ನಿಜ ಇದ್ದರೆ ಸಾಕಿತ್ತು. ಅದೇ ಸಿಗ್ತಿರಲಿಲ್ಲ.

ಎಲ್ಲರ ಚಿಕ್ಕಮ್ಮ

ವಿದ್ಯಾನಗರದ ಸ್ಕೂಲೊಂದರ ಉತ್ತರಗಳನ್ನು ಮನೆಗೆ ತಂದು ನೋಡಿದರೆ ಇಡೀ ಕ್ಲಾಸಿಗೆ ಹಲ್ಲಿ ಕಂಡರೆ ಭಯ, ಇಡೀ ಕ್ಲಾಸಿಗೆ ಮೈಸೂರಿನ ಚಿಕ್ಕಮ್ಮ ಅಂದರೆ ಇಷ್ಟ. ಮಾರನೇ ದಿನ ಹೋಗಿ ವಿಚಾರಿಸಿದೆ. ಕ್ಲಾಸಿಗೇ ಫಸ್ಟ್ ಬರೋ ಹುಡುಗಿ ಎದ್ದು, ಆ ಚಿಕ್ಕಮ್ಮ ತನ್ನವರು ಅಂತ ಒಪ್ಪಿಕೊಂಡಳು. ಮತ್ತೆ ನಿಮಗೆಲ್ಲ ಹೇಗೆ ಚಿಕ್ಕಮ್ಮ ಆದರು ಅಂತ ಮಿಕ್ಕವರನ್ನು ಕೇಳಿದೆ.

"ಅವಳು ಬರೆದಿದ್ದು ಯಾವತ್ತೂ ತಪ್ಪಾಗಿಲ್ಲ ಮೇಡಂ" ಅಂದ ಒಬ್ಬ.

ನೆಮ್ಮದಿಯ ಊರು

ಭದ್ರಾವತಿ ನ್ಯೂ ಟೌನಿನ ಸ್ಕೂಲಲ್ಲಿ ಸಮಾಜದ ಮೇಷ್ಟ್ರು ನನ್ನ ಪ್ರಶ್ನೆಗಳನ್ನು ಹಿಂದಿನ ದಿನವೇ ಇಸಕೊಂಡು, ಸ್ಕೂಲಿನ ಮಾನದ ಪ್ರಶ್ನೆ ಅಂತ ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸಿಬಿಟ್ಟಿದ್ದರು. ಸಿಟ್ಟು ಬರುತ್ತದೆಯೇ? ಇಲ್ಲ. ಬೇಜಾರಾಗುತ್ತದೆಯೇ? ಇಲ್ಲ. ಸುಳ್ಳು ಹೇಳುತ್ತೀರಾ? ಅದೂ ಇಲ್ಲ.

ನನ್ನ ಗೈಡ್ ಆ ಉತ್ತರಗಳ ಕಟ್ಟು ತಿರುವಿ ಹಾಕಿ, ಇನ್ನೊಂದು ಸಲ ಇಂಥದ್ದು ತಂದರೆ ಥೀಸಿಸ್‌ಗೆ ಸಹಿ ಹಾಕಲ್ಲ ಅಂದುಬಿಟ್ಟರು. ವರ್ಷಗಟ್ಟಲೆ ಪಟ್ಟ ಪಾಡು ನೀರುಪಾಲಾಗುತ್ತೆ ಅಂತ ನನಗೆ ನಿಜಕ್ಕೂ ಹೆದರಿಕೆ ಆಯ್ತು. ಅವರು ಮಾತ್ರ ಕನ್ನಡಕ ಒರೆಸುತ್ತಾ, "ಇಷ್ಟು ನೆಮ್ಮದಿ ಇದ್ಯಾ ಮಾರಾಯ್ತಿ ಭದ್ರಾವತೀಲಿ? ನಾನೂ ಅಲ್ಲೇ ಮನೆ ಮಾಡ್ತೀನಿ" ಅಂದರು.

ಕೊನೇ ಬೆಂಚು

ಹಾಗಾಗಿ ಆಲ್ಕೊಳದ ಹತ್ತಿರದ ಸ್ಕೂಲಲ್ಲಿ ಟೀಚರುಗಳನ್ನೆಲ್ಲ ಹೊರಗೆ ಕಳಿಸಿ, ಮಕ್ಕಳನ್ನು ದೂರ ದೂರ ಕೂರಿಸಿ, ಹೆಸರು ಬರೀಬೇಡಿ, ಯಾರಿಗೂ ತೋರಿಸಲ್ಲ ಅಂತ ಮಾತು ಕೊಟ್ಟೆ. ಬರೆದರು ನೋಡಿ! ಒಬ್ಬಳಂತೂ ಇನ್ನೊಂದು ಹಾಳೆ ಕೇಳಿದಳು. ನನಗೆ ಹೋದ ಜೀವ ಬಂತು.

ಕಟ್ಟು ಕಟ್ಟುವಷ್ಟರಲ್ಲಿ ಹೆಡ್‌ಮಾಸ್ಟರು ಬಂದರು. ಇಡೀ ಸ್ಕೂಲು ಅವರನ್ನು ಕಂಡರೆ ನಡುಗುತ್ತಿತ್ತು. ನನ್ನ ಮಕ್ಕಳು ಏನು ಬರೆದಿದ್ದಾರೆ ಅಂತ ನನಗೆ ಗೊತ್ತಾಗಬೇಡವೇ, ಕೊಡಿ ಇಲ್ಲಿ ಅಂತ ಕೈ ಚಾಚಿದರು. ಮಕ್ಕಳೆಲ್ಲ ನನ್ನ ಮುಖ ನೋಡಿದರು. ಕೊಟ್ಟರೆ ಅವರಿಗೆ ಮೋಸ, ಕೊಡದಿದ್ದರೆ ಕಟ್ಟು ಗೇಟು ದಾಟಲ್ಲ. ಏನೂ ತೋಚದೆ, ಬೇಕಿದ್ದರೆ ನೀವೂ ಒಂದು ತುಂಬಿಕೊಡಿ ಸರ್, ನಿಮ್ಮದನ್ನೂ ಯಾರಿಗೂ ತೋರಿಸಲ್ಲ ಅಂದೆ.

ಅವರು ಕೊನೇ ಬೆಂಚಿನಲ್ಲಿ ಕೂತು ಸರಸರ ಬರೆದರು. 'ನಿಮಗೆ ಯಾರನ್ನು ಕಂಡರೆ ಹೆಚ್ಚು ಭಯ?' ಅನ್ನೋ ಪ್ರಶ್ನೆ ಬಂದಾಗ ಎಡಗೈ ಅಡ್ಡ ಇಟ್ಟುಕೊಂಡರು. ಬರೆದು ಮಡಚಿ, ಕಟ್ಟಿನ ನಡುವೆ ತಾವೇ ತೂರಿಸಿ, ದಾರಾನೂ ತಾವೇ ಬಿಗಿದರು.

ಇಬ್ಬರೂ ಗೇಟಿನ ಹತ್ತಿರ ಬರುವಾಗ ಲೆಕ್ಕದ ಟೀಚರು ಎದುರಾದರು. ಅವರು ಹೆಡ್‌ಮಾಸ್ಟರ ಹೆಂಡತಿ. ಏನು ಬರೆದಿದ್ದಾರೆ ನೋಡೋಣ ಕೊಡಿ ಅಂತ ನನ್ನ ಕಟ್ಟಿಗೆ ಕೈ ಹಾಕಿದರು. ನಾನು ಬಾಯಿ ಬಿಡೋ ಮೊದಲೇ ಹೆಡ್‌ಮಾಸ್ಟರು ನಡುವೆ ಬಂದು ನಿಂತರು.

"ಅದನ್ನ ಯಾರೂ ನೋಡೋ ಹಾಗಿಲ್ಲ ಕಣೇ. ಮಕ್ಕಳಿಗೆ ಮಾತು ಕೊಟ್ಟಾಗಿದೆ."