ಮೈನಸ್ ಆರರ ಕಣ್ಣಿಗೆ ಬಿದ್ದ ಮೀನು

ಹಾರೂಗೇರಿಯ ವಿಜ್ಞಾನ ಶಿಕ್ಷಕರೊಬ್ಬರು ಹೋದ ವರ್ಷದ ದೀಪಾವಳಿ ರಜೆಯಲ್ಲಿ ಅರಬ್ಬಿ ಸಮುದ್ರದ ತಳಕ್ಕೆ ಇಳಿದು, ಏನನ್ನೂ ನೋಡದೆ ಮೇಲೆ ಬಂದರು. ಪ್ರಾಣಹಾನಿ ಸಂಭವಿಸಿಲ್ಲ. ಶಿಕ್ಷಕರ ಎಡಗಣ್ಣಿಗೆ ಮೈನಸ್ ನಾಲ್ಕೂವರೆ, ಬಲಗಣ್ಣಿಗೆ ಮೈನಸ್ ಆರು ಇದ್ದದ್ದು ಮತ್ತು ಅವರ ಚಷ್ಮಾ ದೋಣಿಯಲ್ಲೇ ಉಳಿದದ್ದು ಘಟನೆಗೆ ಕಾರಣವೆಂದು ತಿಳಿದುಬಂದಿದೆ. ಆ ಶಿಕ್ಷಕ ನಾನೇ. ಇಂಥವು ನನಗೆ ಆಗುತ್ತಲೇ ಇರುತ್ತವೆ. ಆದರೆ ಒಂದು ಮೀನಿನ ಸಲುವಾಗಿ ಇಷ್ಟು ಸಾಲಾಗಿ ಆದದ್ದು ಇದೇ ಮೊದಲು.

೧. ಫೋಟೋದಲ್ಲಿದ್ದ ಮೀನು

ನಮ್ಮ ಕಡೆಯವರು ಈಗೀಗ ಸಮುದ್ರ ನೋಡಲು ಮಹಾರಾಷ್ಟ್ರದ ಮಾಲವಣಕ್ಕೆ ಹೋಗುತ್ತಾರೆ. ನಿಪ್ಪಾಣಿ ದಾಟಿ ಘಟ್ಟ ಇಳಿದರೆ ಬಂತು. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಕಣ್ಣು ಮೂಗು ಎರಡನ್ನೂ ಮುಚ್ಚುವ ಮಾಸ್ಕ್ ಹಾಕಿ, ಗುರುತಿಲ್ಲದ ಒಬ್ಬ ಮನುಷ್ಯ ನಮ್ಮನ್ನು ಹಿಡಿದು ನೀರೊಳಗೆ ಒಯ್ಯುತ್ತಾನೆ. ಇದಕ್ಕೆ ಸ್ಕೂಬಾ ಎನ್ನುತ್ತಾರೆ.

ನಮ್ಮ ಶಾಲೆಯ ಶಿಕ್ಷಕರೆಲ್ಲ ಕೂಡಿ ಹೋಗಿದ್ದೆವು. ಒಳಗೆ ನನಗೆ ನೀಲಿ ಬಣ್ಣವೊಂದೇ ಕಂಡಿತು. ನಡುವೆ ಹಳದಿಯದೇನೋ ಹಾದು ಹೋಯಿತು. ಮೀನೆಂದು ಕೈಬೀಸಿದೆ. ಅದು ನಮ್ಮ ಡ್ರಿಲ್ ಮಾಸ್ತರರ ಚಡ್ಡಿಯಾಗಿತ್ತು.

ಆದರೆ ಸ್ಕೂಬಾದವರು ಕೊಟ್ಟ ಫೋಟೋದಲ್ಲಿ ನನ್ನ ಕಿವಿಯ ಪಕ್ಕದಲ್ಲೇ ಅಂಗೈಯಷ್ಟು ಮೀನು ನಿಂತಿತ್ತು. ಆ ಆಧಾರದ ಮೇಲೆ ಸ್ಟಾಫ್ ರೂಮಿನಲ್ಲಿ ಮೀನಿನ ವರ್ಣನೆ ಮಾಡತೊಡಗಿದೆ. ಡ್ರಿಲ್ ಮಾಸ್ತರರು ಫೋಟೋ ದೊಡ್ಡದು ಮಾಡಿ ನೋಡಿ, "ಸರ್, ಮೀನ ನಿಮ್ಮನ್ನ ನೋಡೈತ್ರಿ. ನೀವ ಮೀನ ನೋಡಿಲ್ಲ" ಎಂದರು.

ಈ ಮಾತು ಸ್ಟಾಫ್ ರೂಮಿನಿಂದ ಹತ್ತನೆಯ ತರಗತಿಗೆ ತಲುಪಲು ಒಂದು ಪಿರಿಯಡ್ ಸಾಕಾಯಿತು. ಮರುದಿನ ಮಸೂರಗಳ ಪಾಠ ನಡೆದಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, ಮೀನಿಗೂ ಮೈನಸ್ ನಂಬರ್ ಬರುತ್ತದೆಯೇ ಎಂದು ಅತ್ಯಂತ ವಿನಯದಿಂದ ಕೇಳಿದಳು. ಮುಂದಿನ ದೀಪಾವಳಿಯೊಳಗೆ ಒಂದು ಮೀನನ್ನಾದರೂ ನನ್ನ ಕಣ್ಣಿಂದಲೇ ನೋಡುವುದೆಂದು ಅಂದೇ ನಿಶ್ಚಯಿಸಿದೆ. ಆ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ ಎಂದು ಹುಡುಗಿಗೆ ಹೇಳಿದೆ.

೨. ಸಿಲಿಂಡರ್

ನಂಬರ್ ಇರುವ ಮಾಸ್ಕ್ ಕೇಳಲು ಚಿಕ್ಕೋಡಿಯ ಒಂದು ಚಷ್ಮಾ ಅಂಗಡಿಗೆ ಹೋದೆ. ಅಂಗಡಿಯವರು ಸಮಾಧಾನದ ಮನುಷ್ಯ. ನೀರೊಳಗೆ ಹಾಕಿಕೊಳ್ಳುವ ಚಷ್ಮಾ ಬೇಕೆಂದಾಗ ನಗಲಿಲ್ಲ. ದೂರದ್ದೋ ಹತ್ತಿರದ್ದೋ ಎಂದಷ್ಟೇ ಕೇಳಿದರು. ಎಷ್ಟು ಹತ್ತಿರ ಬರಬೇಕೆಂಬುದು ಮೀನಿಗೆ ಬಿಟ್ಟ ವಿಚಾರ ಎಂದೆ. ನನ್ನ ವಯಸ್ಸು ಕೇಳಿ, ಕೆಳಗಡೆ ಓದುವ ಗಾಜನ್ನೂ ಕೂಡಿಸಬಹುದು ಎಂದರು.

"ನೀರಾಗ ಓದೂದೇನೈತ್ರಿ?" ಎಂದೆ.

"ಗಾಳಿ ಎಷ್ಟ ಉಳದೈತಿ ಅಂತ ತೋರಸೂ ಮುಳ್ಳ ಇರತೈತ್ರಿ. ಮೀನ ನೋಡೂದಕ್ಕಿಂತ ಅದನ್ನ ನೋಡೂದ ಛಲೋ."

ಆ ಮುಳ್ಳನ್ನು ನನ್ನನ್ನು ಹಿಡಿದುಕೊಂಡವನು ನೋಡುತ್ತಾನೆ ಎಂದು ಹೇಳಿ ಒಪ್ಪಿಸಿದೆ. ಆಮೇಲೆ ಅವರು ವಿವರಿಸಿದರು. ಈಜುವ ಕನ್ನಡಕ ನಡೆಯದು, ಮೂಗು ಮಾಸ್ಕಿನ ಒಳಗಿರಬೇಕು. ಮಾಸ್ಕಿನ ಗಾಜು ತೆಗೆದು ನಂಬರಿನ ಗಾಜು ಕೂಡಿಸುವುದು ಕೊಲ್ಲಾಪುರದಲ್ಲಿ ಆಗುತ್ತದೆ, ಎರಡೂ ಕಣ್ಣಿಗೆ ಬೇರೆ ಬೇರೆ ಕೂಡಿಸಬಹುದು. ನನ್ನ ಚೀಟಿಯನ್ನು ಇನ್ನೊಮ್ಮೆ ನೋಡಿ ತಲೆ ಅಲ್ಲಾಡಿಸಿದರು. "ಒಂದ ಅಡಚಣಿ ಐತ್ರಿ. ಸಿಲಿಂಡರ್ ಬರೂದಿಲ್ಲ."

"ಸಿಲಿಂಡರ್ ಅವರ ಕೊಡತಾರ್ರಿ" ಎಂದೆ.

"ಕಣ್ಣಿಂದು?"

"ಬೆನ್ನಿಂದು."

ಕಣ್ಣಿನ ಚೀಟಿಯಲ್ಲೂ ಸಿಲಿಂಡರ್ ಎಂಬ ನಂಬರೊಂದು ಇರುತ್ತದೆಂಬುದು, ಹದಿನೆಂಟು ವರ್ಷದಿಂದ ಮಸೂರದ ಪಾಠ ಮಾಡುತ್ತಿರುವ ನನಗೆ ಆ ದಿನ ತಿಳಿಯಿತು.

೩. ಮಾಸ್ತರರ ಪಾರ್ಸಲ್

ನಮ್ಮವ್ವ ಮಾಳಕರಿ. ಕೊರಳಲ್ಲಿ ತುಳಸಿಮಾಲೆ, ವರ್ಷಕ್ಕೊಮ್ಮೆ ಪಂಢರಪುರಕ್ಕೆ ಪಾದಯಾತ್ರೆ. ಅವ್ವ ಮಾಲೆ ಹಾಕಿಕೊಂಡಂದಿನಿಂದ ನಮ್ಮ ಮನೆಯೊಳಗೆ ತತ್ತಿ ಕೂಡ ಬಂದಿಲ್ಲ. ಸಿಲಿಂಡರ್ ಇಲ್ಲದಿದ್ದರೂ ನಡೆದೀತೆಂದು ಕೊಲ್ಲಾಪುರಕ್ಕೆ ಹೇಳಿ ಕಳಿಸಿದ್ದೆ. ಕೊರಿಯರ್ ತರುವವನು ಗಡಿಯ ಆಚೆಯವನು, ಮರಾಠಿ ಬಿಟ್ಟು ಬೇರೆ ಮಾತಾಡುವುದಿಲ್ಲ. ಒಂದು ದಿನ ನಾನು ಶಾಲೆಯಲ್ಲಿದ್ದಾಗ ಬಂದು, ಹೊರಗೆ ನಿಂತೇ, "ಮಾಸ್ತರಾಂಚಾ ಮಾಸ್ಕ್ ಆಲಾಯ್" ಎಂದು ಕೂಗಿದ್ದಾನೆ. ಮಾಸ್ತರರ ಮಾಸ್ಕ್ ಬಂದಿದೆ ಎಂದರ್ಥ. ಅವ್ವನಿಗೆ ಕೇಳಿಸಿದ್ದು "ಮಾಸಾ ಆಲಾಯ್". ಮರಾಠಿಯಲ್ಲಿ ಮಾಸಾ ಎಂದರೆ ಮೀನು.

ನಾನು ಮನೆಗೆ ಬಂದಾಗ ಪಾರ್ಸಲ್ಲು ದನದ ಕೊಟ್ಟಿಗೆಯ ಮೂಲೆಯಲ್ಲಿತ್ತು. ಅದರ ಮೇಲೊಂದು ಬುಟ್ಟಿ ಬೋರಲು ಹಾಕಿತ್ತು, ಬುಟ್ಟಿಯ ಮೇಲೊಂದು ಕಲ್ಲು. ಬೆಕ್ಕು ಸುತ್ತ ತಿರುಗುತ್ತಿತ್ತು. ಅದಕ್ಕೆ ಯಾರು ಹೇಳಿದರೋ.

"ಮೀನ ನೋಡಬೇಕಂತ ಆಸೆ ಐತಿ ಅಂದಿ, ನಾ ಸುಮ್ಮನಾದ್ನಿ" ಎಂದಳು ಅವ್ವ. "ತಿನ್ನೂದ ಐತಿ ಅಂತ ಹೇಳಲಿಲ್ಲ."

ಅವಳೆದುರಿಗೇ ಪಾರ್ಸಲ್ ಬಿಚ್ಚಿ ಮಾಸ್ಕ್ ತೋರಿಸಿದೆ. ಗಾಜು, ರಬ್ಬರು, ಪಟ್ಟಿ, ಎಲ್ಲ ನೋಡಿದಳು. ಕೊನೆಗೆ ಮೂಸಿ ನೋಡಿ, "ವಾಸನಿ ಅಂತೂ ಬರತೈತಿ" ಎಂದಳು. ಮರುದಿನ ಏಕಾದಶಿ. ಅದು ಮುಗಿಯುವ ತನಕ ಮಾಸ್ಕಿಗೆ ಮನೆಯೊಳಗೆ ಪ್ರವೇಶ ಸಿಗಲಿಲ್ಲ.

೪. ಸೋರಿಕೆ

ಅಥಣಿಯಲ್ಲಿ ನನ್ನ ಹೆಂಡತಿಯ ತಮ್ಮನ ದ್ರಾಕ್ಷಿ ತೋಟವಿದೆ, ತೋಟದಲ್ಲಿ ಕೃಷಿಹೊಂಡವಿದೆ. ಮಾಸ್ಕಿನ ಪರೀಕ್ಷೆ ಅಲ್ಲಿ ನಡೆಯಿತು. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದು ಕೈಬಿಡಬೇಕು, ಮಾಸ್ಕ್ ಅಲ್ಲೇ ಅಂಟಿಕೊಂಡರೆ ಸರಿಯಾಗಿದೆ ಎಂದರ್ಥ ಎಂದು ಅಂಗಡಿಯವರು ಹೇಳಿದ್ದರು. ಮೂರು ಸಲ ಮಾಡಿದೆ. ಮೂರು ಸಲವೂ ಮಾಸ್ಕ್ ಕಾಲಬುಡಕ್ಕೆ ಬಿತ್ತು. ಪಟ್ಟಿ ಬಿಗಿದು ಹೊಂಡಕ್ಕಿಳಿದೆ. ಹತ್ತು ಎಣಿಸುವುದರೊಳಗೆ ನೀರು ಮೂಗಿನ ತನಕ ತುಂಬಿತು.

ಹೆಂಡತಿಯ ತಮ್ಮ ಪಂಪ್‌ಸೆಟ್ಟಿನ ಸೋರಿಕೆಗಳಲ್ಲಿ ಪಳಗಿದವನು. ಸುತ್ತ ತಿರುಗಿ ನೋಡಿ, "ಮಾವಾರ, ಸೋರೂದು ಮಾಸ್ಕ್ ಅಲ್ರಿ. ಮೀಸಿ" ಎಂದ. ಮೀಸೆಯ ಕೂದಲಿನ ಸಂದಿಯಿಂದ ನೀರು ಬರುತ್ತಿತ್ತು. ಮೋಟಾರಿನ ಗ್ರೀಸ್ ತಂದ. ನಾನು ವ್ಯಾಸಲೀನಿಗೆ ಮಾತ್ರ ಒಪ್ಪಿದೆ. ಅರ್ಧ ಡಬ್ಬಿ ಹಚ್ಚಿದರೂ ನೀರು ನಿಲ್ಲಲಿಲ್ಲ. ಕಡೆಗೆ ಚಿಕ್ಕೋಡಿಗೆ ಫೋನ್ ಮಾಡಿದೆ.

"ಬ್ಯಾರೇ ಸೈಜ್ ನೋಡಬಹುದ್ರಿ" ಎಂದರು ಅಂಗಡಿಯವರು.

"ಮಾಸ್ಕಿಂದು?"

"ಮೀಸೀದು."

೫. ಹಾರ

ನನ್ನ ಮೀಸೆ ಇಪ್ಪತ್ತೆರಡು ವರ್ಷದ್ದು, ತುದಿ ತಿರುವಿದ್ದು. ತೆಗೆಸುವ ಮಾತೆತ್ತಿದಾಗ ಹೆಂಡತಿ, "ನಾ ಹೂಂ ಅಂದಿದ್ದ ಆ ಮೀಸಿ ನೋಡಿ. ಅದರ ಹಿಂದ ಮಾರಿ ಹೆಂಗೈತಿ ಅಂತ ನನಗ ಗೊತ್ತಿಲ್ಲ" ಎಂದು ಎಚ್ಚರಿಸಿದಳು. ಎರಡು ದಿನ ವಿಚಾರ ಮಾಡಿದೆ. ಡ್ರಿಲ್ ಮಾಸ್ತರರ ಮಾತು ನೆನಪಾಯಿತು. ದೀಪಾವಳಿ ರಜೆ ಶುರುವಾದ ದಿನ, ಗುರುತಿನವರು ನೋಡಬಾರದೆಂದು ಕಾಗವಾಡದ ತನಕ ಹೋಗಿ ತೆಗೆಸಿದೆ. ಬರುವಾಗ ಬಿಸಿಲಿಗೆ ತಲೆಗೆ ಬಿಳಿ ಟವೆಲ್ ಸುತ್ತಿಕೊಂಡೆ.

ನಮ್ಮಲ್ಲಿ ಅಪ್ಪ ಸತ್ತಾಗ ಮಗ ತಲೆ ಮೀಸೆ ಎರಡನ್ನೂ ಬೋಳಿಸಿಕೊಳ್ಳುತ್ತಾನೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ಹೊತ್ತಿಗೆ ನೆನಪಿರಲಿಲ್ಲ.

ಅಥಣಿಯಲ್ಲಿ ಚಹಾ ಕುಡಿಯಲು ನಿಂತಾಗ ಪಾಲಬಾವಿಯ ಒಬ್ಬ ಹಿರಿಯರು ಸಿಕ್ಕರು. ಅಪ್ಪನ ಹಳೆಯ ಗೆಳೆಯರು. ಹಿಂದಿನ ವಾರ ಅಪ್ಪ ಕೆಮ್ಮಿನಿಂದ ಮಲಗಿದ್ದಾಗ ಮಾತಾಡಿಸಲು ಬಂದಿದ್ದರು. ನನ್ನ ಮುಖ ನೋಡಿದವರೇ ಕೈಯಲ್ಲಿದ್ದ ಕಪ್ಪು ಕೆಳಗಿಟ್ಟರು.

"ಯಾವಾಗ?" ಎಂದರು.

"ಈಗ ಮುಂಜಾನಿರಿ."

"ಬಾಳ ತ್ರಾಸ ಆಗಿತ್ತೇನ?"

"ತ್ರಾಸ ಅಂದ್ರ, ಒಳಗ ನೀರ ತುಂಬತಿತ್ರಿ. ಎಲ್ಲಾ ಮಾಡಿ ನೋಡಿದ್ವಿ. ಆಗಲಿಲ್ಲ."

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಒಂದು ಮೀಸೆಗಾಗಿ ಇಷ್ಟು ಮರುಗುವವರಿದ್ದಾರಲ್ಲ ಎಂದುಕೊಂಡೆ. "ಇಪ್ಪತ್ತೆರಡ ವರ್ಷ ಸಾಕಿದ್ನಿರಿ" ಎಂದೆ.

"ಹಂಗ ಸಾಕಾವ್ರು ಈಗೆಲ್ಲಿ ಅದಾರೋ ತಮ್ಮಾ" ಎಂದು ಕಣ್ಣೊರೆಸಿಕೊಂಡರು.

ಮುಂದಿನದು ಹೆಂಡತಿ ಹೇಳಿದ್ದು. ನಾನು ದ್ರಾಕ್ಷಿ ತೋಟಕ್ಕೆ ಹೋಗಿ ಮಾಸ್ಕನ್ನು ಇನ್ನೊಮ್ಮೆ ಪರೀಕ್ಷಿಸುತ್ತಿದ್ದಾಗ, ಆ ಹಿರಿಯರು ಹಾರ ಹಿಡಿದುಕೊಂಡು ಬಸ್ಸಿನಲ್ಲಿ ಹಾರೂಗೇರಿಗೆ ಬಂದಿದ್ದಾರೆ. ಅಪ್ಪ ಕಟ್ಟೆಯ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದ.

"ಹಾರ ತಂದಿ? ಯಾರ ಹೋದ್ರು?" ಎಂದು ಕೇಳಿದ.

ಗೆಳೆಯರು ಹಾರ ಹಿಂದೆ ಸರಿಸಿ, "ನೀನ" ಎಂದರು.

"ಯಾರ ಹೇಳಿದ್ರು?"

"ನಿನ್ನ ಮಗ."

ಅಪ್ಪ ಚುರುಮುರಿ ನುಂಗಿ, "ಹಂಗಾರ ಖರೇ ಇರಬೇಕು. ಸೈನ್ಸ್ ಮಾಸ್ತರ ಅದಾನ" ಎಂದ. ಆಮೇಲೆ ಕೊರಳು ಮುಂದೆ ಮಾಡಿ, "ತಂದದ್ದ ಹಾಕ. ಹೊಳ್ಳಿ ಒಯ್ದ ಏನ ಮಾಡತಿ" ಎಂದ.

ನಾನು ಮನೆ ಮುಟ್ಟಿದಾಗ ಅಪ್ಪ ಹಾರ ಹಾಕಿಕೊಂಡು ಕೂತಿದ್ದ, ಇಬ್ಬರೂ ಚಹಾ ಕುಡಿಯುತ್ತಿದ್ದರು. ನನ್ನ ಬೋಳು ಮುಖವನ್ನು ಅಪ್ಪ ಎರಡು ಸಲ ನೋಡಿದ. "ಬಾ ತಮ್ಮಾ" ಎಂದ. "ನನ್ನ ಇಪ್ಪತ್ತೆರಡ ವರ್ಷ ಸಾಕಿದಿ ಅಂತಲ್ಲ."

ದೀಪಾವಳಿಗೆ ಹೆಂಡತಿಯ ತಮ್ಮನೊಂದಿಗೆ ಮಾಲವಣಕ್ಕೆ ಹೋದೆ. ಮಾಸ್ಕಿನೊಳಗೆ ಒಂದು ಹನಿಯೂ ಬರಲಿಲ್ಲ. ಮೀನು ಬಂತು. ಹಳದಿ ಬಣ್ಣ, ಮೈಮೇಲೆ ಕರಿ ಪಟ್ಟೆ. ಇಪ್ಪತ್ತು ಎಣಿಸುವ ತನಕ ನಾನು ಅದನ್ನು ನೋಡಿದೆ, ಅದು ನನ್ನನ್ನು ನೋಡಿತು. ಶಾಲೆ ಶುರುವಾದ ದಿನ ಫೋಟೋ ತೋರಿಸಿದೆ. ಡ್ರಿಲ್ ಮಾಸ್ತರರು ದೊಡ್ಡದು ಮಾಡಿ ನೋಡಿ, ಇದರಲ್ಲಿ ಇರುವವರಿಗೆ ಮೀಸೆಯೇ ಇಲ್ಲ, ಇವರು ಬೇರೆ ಯಾರೋ ಎಂದರು. ಆಗ ನನಗೆ ಮೂರು ವಾರದ ಮೀಸೆ ಬಂದಿತ್ತು.

ನಾನು ಮೀನು ನೋಡಿಲ್ಲವೆಂಬ ಸ್ಟಾಫ್ ರೂಮಿನ ತೀರ್ಮಾನ ಇನ್ನೂ ಜಾರಿಯಲ್ಲಿದೆ. ಅಪ್ಪ ಆರೋಗ್ಯವಾಗಿದ್ದಾನೆ.